ಕಿರ್ಮಾನಿ ಧೋನಿಗಿಂತ ದೊಡ್ಡ ಕೀಪರಾ? ಓದುಗರ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ

ಪ್ರಶ್ನೆ: ನಮ್ಮ ತಂದೆಗೆ ಈಗ ಎಪ್ಪತ್ತರ ಹತ್ತಿರ. ಸೈಯದ್ ಕಿರ್ಮಾನಿಗಿಂತ ಒಳ್ಳೆ ವಿಕೆಟ್ ಕೀಪರ್ ಭಾರತಕ್ಕೆ ಸಿಕ್ಕೇ ಇಲ್ಲ ಅಂತ ವಾದ ಮಾಡುತ್ತಾರೆ. ನಾನು ಅಂಕಿಗಳನ್ನು ನೋಡಿದೆ. ಕಿರ್ಮಾನಿ 88 ಟೆಸ್ಟ್, 198 ಬಲಿ, ಬ್ಯಾಟಿಂಗ್ ಸರಾಸರಿ 27. ಧೋನಿ 90 ಟೆಸ್ಟ್, 294 ಬಲಿ. ಹಾಗಾದರೆ ಅಪ್ಪ ಹೇಳುವುದು ಬರೀ ಬೆಂಗಳೂರಿನ ಅಭಿಮಾನವಾ? ಇನ್ನೊಂದು ವಿಷಯ, ನನ್ನ ಮಗಳು ಈಗ ಕೀಪಿಂಗ್ ಕಲಿಯುತ್ತಿದ್ದಾಳೆ. ಕಿರ್ಮಾನಿ ಆಟದಲ್ಲಿ ಅವಳು ನೋಡಿ ಕಲಿಯುವಂಥದ್ದು ಏನಾದರೂ ಇದೆಯಾ?

ಉತ್ತರ: ನಿಮ್ಮ ತಂದೆಯ ಮಾತಿನಲ್ಲಿ ಹುರುಳಿದೆ. ಅದನ್ನು ನೀವು ಕೊಟ್ಟ ಅಂಕಿಗಳಿಂದಲೇ ತೋರಿಸಬಹುದು. 198 ಮತ್ತು 294, ಎರಡನ್ನೂ ಸ್ವಲ್ಪ ಬಿಡಿಸಿ ನೋಡಿ. ಕಿರ್ಮಾನಿಯವರದು 160 ಕ್ಯಾಚ್, 38 ಸ್ಟಂಪಿಂಗ್ (ಬ್ಯಾಟರ್ ಕ್ರೀಸ್ ಬಿಟ್ಟು ಮುಂದೆ ಬಂದು ಚೆಂಡು ತಪ್ಪಿಸಿಕೊಂಡಾಗ ಕೀಪರ್ ಬೇಲ್ಸ್ ಬೀಳಿಸಿ ಔಟ್ ಮಾಡುವುದು). ಧೋನಿಯವರದು 256 ಕ್ಯಾಚ್, 38 ಸ್ಟಂಪಿಂಗ್. ಸ್ಟಂಪಿಂಗ್‌ನಲ್ಲಿ ಇಬ್ಬರೂ ಸಮ ಸಮ! ವ್ಯತ್ಯಾಸ ಇರುವುದೆಲ್ಲ ಕ್ಯಾಚ್‌ನಲ್ಲಿ, 96 ಕ್ಯಾಚ್. ಈ 96 ಎಲ್ಲಿಂದ ಬಂತು ಅಂತ ಹುಡುಕಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಕೀಪರ್‌ಗೆ ಕ್ಯಾಚ್ ಜಾಸ್ತಿ ಬರುವುದು ವೇಗದ ಬೌಲರ್‌ಗಳಿಂದ. ಧೋನಿಗೆ ಜಹೀರ್ ಖಾನ್, ಇಶಾಂತ್ ಶರ್ಮಾ ಇದ್ದರು. ಕಿರ್ಮಾನಿ ಟೆಸ್ಟ್ ತಂಡಕ್ಕೆ ಬಂದಾಗ ಹೊಸ ಚೆಂಡು ಹಾಕುತ್ತಿದ್ದವರು ಮದನ್ ಲಾಲ್, ಮೊಹಿಂದರ್ ಅಮರನಾಥ್. ಆಗಿನ ಕಾಲಕ್ಕೆ ಒಮ್ಮೊಮ್ಮೆ ಸುನಿಲ್ ಗಾವಸ್ಕರ್ ಕೂಡ ಬೌಲಿಂಗ್ ಶುರು ಮಾಡುತ್ತಿದ್ದರು ಅಂದರೆ ಈಗಿನ ಹುಡುಗರು ನಂಬಲಿಕ್ಕಿಲ್ಲ. ಉದ್ದೇಶ ಒಂದೇ, ಚೆಂಡಿನ ಹೊಳಪು ಬೇಗ ಹೋಗಬೇಕು. ನಾಲ್ಕಾರು ಓವರ್ ಆದ ಮೇಲೆ ಚೆಂಡು ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ಕೈಗೆ. ಸ್ಪಿನ್ನರ್ ಬೌಲ್ ಮಾಡುವಾಗ ಬ್ಯಾಟಿನ ಅಂಚಿಗೆ ತಾಗಿ, ಒಮ್ಮೊಮ್ಮೆ ಪ್ಯಾಡಿಗೂ ಬಡಿದ ಚೆಂಡು ಹೋಗುವುದು ಹತ್ತಿರ ನಿಂತ ಫೀಲ್ಡರ್‌ಗಳ ಕೈಗೆ. ಶಾರ್ಟ್ ಲೆಗ್‌ನಲ್ಲಿ ಏಕನಾಥ್ ಸೋಲ್ಕರ್ ಬರೀ 27 ಟೆಸ್ಟ್‌ಗಳಲ್ಲಿ 53 ಕ್ಯಾಚ್ ಹಿಡಿದರು. ಸ್ಲಿಪ್‌ನಲ್ಲಿ ಗಾವಸ್ಕರ್, ವಿಶ್ವನಾಥ್. ಕಪಿಲ್ ದೇವ್ ಬಂದದ್ದು 1978ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಕಿರ್ಮಾನಿಗೆ ನಿಜವಾದ ವೇಗದ ಬೌಲರ್ ಒಬ್ಬರೂ ಇರಲಿಲ್ಲ. ಹಾಗಾಗಿ ಎರಡು ಕಾಲದ ಕ್ಯಾಚುಗಳನ್ನು ಪಕ್ಕಪಕ್ಕ ಇಟ್ಟು ಯಾರು ಮೇಲು ಅಂತ ತೀರ್ಮಾನ ಮಾಡುವುದು ಸರಿಯಲ್ಲ.

ಇನ್ನು ಆ ಸ್ಪಿನ್ನರ್‌ಗಳಿಗೆ ಕೀಪಿಂಗ್ ಮಾಡುವುದು ಅಂದರೆ ಏನು? ಕಿರ್ಮಾನಿಯ ಹಿರಿಮೆ ಇರುವುದೇ ಇಲ್ಲಿ.

ಭಾಗವತ್ ಚಂದ್ರಶೇಖರ್ ಉದಾಹರಣೆ ತಗೊಳ್ಳಿ. ಚಿಕ್ಕವರಿದ್ದಾಗ ಪೋಲಿಯೊ ಬಂದು ಬಲಗೈ ಬಡವಾಗಿತ್ತು. ಅದೇ ಕೈ ಅವರ ಅಸ್ತ್ರವಾಯಿತು. ಉದ್ದ ಓಡಿ ಬಂದು, ಹೆಚ್ಚುಕಡಿಮೆ ಮಧ್ಯಮ ವೇಗದ ಬೌಲರ್‌ನಷ್ಟೇ ಜೋರಾಗಿ ಗೂಗ್ಲಿ, ಟಾಪ್ ಸ್ಪಿನ್, ಲೆಗ್ ಬ್ರೇಕ್ ಹಾಕುತ್ತಿದ್ದರು. ಈ ಬೌಲರ್‌ಗೆ ಕೀಪರ್ ವಿಕೆಟ್‌ಗೆ ಅಂಟಿಕೊಂಡೇ ನಿಲ್ಲಬೇಕು. ತಲೆಗೆ ಹೆಲ್ಮೆಟ್ ಇಲ್ಲ. ಗೂಗ್ಲಿ ಬಲಗೈ ಬ್ಯಾಟರ್‌ಗೆ ಒಳಗೆ ನುಗ್ಗಿ ಲೆಗ್ ಸೈಡ್‌ಗೆ ಹೋಗುತ್ತದೆ. ಪಿಚ್ ಆದ ಮೇಲೆ ಒಂದು ಕ್ಷಣ ಆ ಚೆಂಡು ಕೀಪರ್‌ಗೆ ಕಾಣಿಸುವುದೇ ಇಲ್ಲ, ಬ್ಯಾಟರ್‌ನ ದೇಹ, ಪ್ಯಾಡು, ಬ್ಯಾಟು ಎಲ್ಲ ಅಡ್ಡ. ಕೀಪರ್ ಬೌಲರ್‌ನ ಕೈಯನ್ನು ನೋಡಿ ಗೂಗ್ಲಿ ಅಂತ ಮೊದಲೇ ಓದಿರಬೇಕು, ಕಾಲು ಎಡಕ್ಕೆ ಸರಿದಿರಬೇಕು, ಆದರೆ ತೀರಾ ಬೇಗ ಸರಿಯಬಾರದು, ಯಾಕೆಂದರೆ ಅದು ನೇರ ಬಂದುಬಿಟ್ಟರೆ ನಾಲ್ಕು ಬೈ (ಬ್ಯಾಟಿಗೂ ಮೈಗೂ ತಾಗದ ಚೆಂಡನ್ನು ಕೀಪರ್ ಬಿಟ್ಟಾಗ ಸಿಗುವ ರನ್) ಗ್ಯಾರಂಟಿ. ಬ್ಯಾಟರ್ ತಪ್ಪಿದರೆ ಚೆಂಡು ಕೈಗೆ ಬಂದು, ಅದೇ ಓಘದಲ್ಲಿ ಬೇಲ್ಸ್ ಬೀಳಬೇಕು. ಇದೆಲ್ಲ ಅರ್ಧ ಸೆಕೆಂಡಿನ ಕೆಲಸ. ಆ ಕಡೆ ತುದಿಯಲ್ಲಿ ಪ್ರಸನ್ನ. ಅವರದು ಪೂರ್ತಿ ಬೇರೆ ಲೆಕ್ಕ. ಚೆಂಡು ಗಾಳಿಯಲ್ಲಿ ತೇಲುತ್ತದೆ, ಬೀಳಬೇಕಾದ ಜಾಗಕ್ಕಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಬೇಡಿ ಎಡಗೈ ಸ್ಪಿನ್, ಚೆಂಡು ಹೊರಗೆ ಹೋಗುತ್ತದೆ, ಜೊತೆಗೆ ಕೈ ತಿರುಗಿಸದೆ ಒಳಗೆ ಬರುವ ಚೆಂಡು ಬೇರೆ. ಒಂದು ಓವರ್ ಮುಗಿದ ಮೇಲೆ ಕೀಪರ್ ತನ್ನ ಕಣ್ಣು, ಕಾಲು, ಕೈಯ ಲಯ ಎಲ್ಲವನ್ನೂ ಬದಲಾಯಿಸಿಕೊಳ್ಳಬೇಕು. ದಿನಕ್ಕೆ 90 ಓವರ್ ಅಂದರೂ 540 ಸಲ ಕೂತು ಏಳಬೇಕು.

ಕಿರ್ಮಾನಿಗೆ ಇಲ್ಲಿ ಒಂದು ಅನುಕೂಲವಿತ್ತು. ಅವರು ಹುಟ್ಟಿದ್ದು 1949ರ ಡಿಸೆಂಬರ್ 29ರಂದು ಮದ್ರಾಸಿನಲ್ಲಿ, ಬೆಳೆದದ್ದು, ಆಡಿದ್ದು ಬೆಂಗಳೂರಿನಲ್ಲಿ. ಆಗಿನ ಮೈಸೂರು, ನಂತರದ ಕರ್ನಾಟಕ ರಣಜಿ ತಂಡದಲ್ಲಿ ಪ್ರಸನ್ನ, ಚಂದ್ರ ಇಬ್ಬರೂ ಇದ್ದರು. ಟೆಸ್ಟ್‌ನಲ್ಲಿ ಯಾರಿಗೆ ಕೀಪಿಂಗ್ ಮಾಡಬೇಕಿತ್ತೋ ಅವರಿಗೇ ವರ್ಷಗಟ್ಟಲೆ ರಣಜಿಯಲ್ಲಿ ಕೀಪಿಂಗ್ ಮಾಡಿ ಪಳಗಿದ್ದರು. 15 ವರ್ಷ ಸತತವಾಗಿ ರಣಜಿ ಗೆದ್ದಿದ್ದ ಬಾಂಬೆಯನ್ನು 1973-74ರಲ್ಲಿ ಇಳಿಸಿದ ಕರ್ನಾಟಕ ಅದು. ಆ ತಂಡದ ಬಲವೇ ಈ ಸ್ಪಿನ್. ಸ್ಪಿನ್ನರ್‌ಗಳ ಬಗ್ಗೆ ನಾವು ಇವತ್ತಿಗೂ ಹೆಮ್ಮೆಯಿಂದ ಮಾತಾಡುತ್ತೇವೆ, ಅವರ ಚೆಂಡನ್ನು ದಿನವಿಡೀ ಹಿಡಿದವರ ಬಗ್ಗೆ ಅಷ್ಟಾಗಿ ಮಾತಾಡುವುದಿಲ್ಲ. ನನಗೆ ಈ ವಿಷಯದಲ್ಲಿ ಬೇಸರವಿದೆ, ಮುಚ್ಚಿಡುವುದಿಲ್ಲ.

ಆದರೆ ಅವಕಾಶ ಸುಲಭವಾಗಿ ಬರಲಿಲ್ಲ. 1971ರ ಇಂಗ್ಲೆಂಡ್ ಪ್ರವಾಸಕ್ಕೆ ಹೋದರು, ಟೆಸ್ಟ್ ಆಡಿದ್ದು ಫಾರೂಕ್ ಇಂಜಿನಿಯರ್. 1974ರಲ್ಲೂ ಇಂಗ್ಲೆಂಡಿಗೆ ಹೋದರು, ಆಗಲೂ ಇಂಜಿನಿಯರ್. ಇಂಜಿನಿಯರ್ ಒಳ್ಳೆ ಬ್ಯಾಟರ್, ಇನಿಂಗ್ಸ್ ಶುರು ಮಾಡುತ್ತಿದ್ದರು, ಅವರನ್ನು ಬಿಡಿಸುವುದು ಕಷ್ಟವಿತ್ತು. (ಅದಕ್ಕೂ ಮುಂಚೆ ಇದೇ ಇಂಜಿನಿಯರ್ ಜೊತೆ ಜಾಗಕ್ಕೆ ಪೈಪೋಟಿ ಮಾಡಿದವರು ನಮ್ಮ ಮುಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್. 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192 ಹೊಡೆದ ಕೀಪರ್. ಅವರ ಬಗ್ಗೆಯೂ ನಿಮ್ಮ ತಂದೆಯನ್ನು ಕೇಳಿ ನೋಡಿ.)

ಕೊನೆಗೆ 1976ರ ಜನವರಿಯಲ್ಲಿ ಆಕ್ಲೆಂಡ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಕಿರ್ಮಾನಿಗೆ ಟೆಸ್ಟ್ ಕ್ಯಾಪ್ ಸಿಕ್ಕಿತು. ಆಗ ಅವರಿಗೆ 26 ವರ್ಷ. ಪ್ರಸನ್ನ ಒಂದೇ ಇನಿಂಗ್ಸಿನಲ್ಲಿ 76 ರನ್‌ಗೆ 8 ವಿಕೆಟ್ ತೆಗೆದ ಟೆಸ್ಟ್ ಅದೇ. ಮುಂದಿನ ಟೆಸ್ಟ್ ಕ್ರೈಸ್ಟ್‌ಚರ್ಚ್‌ನಲ್ಲಿ. ಅಲ್ಲಿ ಒಂದೇ ಇನಿಂಗ್ಸಿನಲ್ಲಿ ಕಿರ್ಮಾನಿ 5 ಕ್ಯಾಚ್, 1 ಸ್ಟಂಪಿಂಗ್. ಒಟ್ಟು ಆರು. ಆಗಿನ ವಿಶ್ವದಾಖಲೆಗೆ ಸಮ. ಎರಡನೇ ಟೆಸ್ಟ್‌ನಲ್ಲೇ! ವೇಗದ ಬೌಲರ್‌ಗೆ ನೆರವು ಸಿಗುವ ಪಿಚ್ ಆಗಿದ್ದರೆ ಅವರಿಗೂ ಕ್ಯಾಚ್ ಸಿಗುತ್ತಿತ್ತು ಅನ್ನುವುದಕ್ಕೆ ಇದೇ ಸಾಕ್ಷಿ.

ಮೂರು ವರ್ಷ ಜಾಗ ಗಟ್ಟಿಯಾಗಿತ್ತು. ಆಮೇಲೆ 1979ರಲ್ಲಿ ವಿಶ್ವಕಪ್ ಮತ್ತು ಇಂಗ್ಲೆಂಡ್ ಪ್ರವಾಸದ ತಂಡದಲ್ಲಿ ಅವರ ಹೆಸರೇ ಇಲ್ಲ. ತಮಿಳುನಾಡಿನ ಭರತ್ ರೆಡ್ಡಿ ಹೋದರು. ಆಸ್ಟ್ರೇಲಿಯಾದ ಕೆರ್ರಿ ಪ್ಯಾಕರ್ ಕಟ್ಟಿದ ಖಾಸಗಿ ಸರಣಿಯಿಂದ ಕಿರ್ಮಾನಿಗೆ ಕರೆ ಬಂದಿತ್ತು ಅನ್ನುವ ಮಾತು ಆಗ ಜೋರಾಗಿತ್ತು, ಅದೇ ಕಾರಣ ಅಂತ ಬಹಳ ಜನ ಹೇಳುತ್ತಾರೆ. ಕಾರಣ ಏನೇ ಇರಲಿ, ಆಟದ ಲೆಕ್ಕದಲ್ಲಿ ಅದು ಅನ್ಯಾಯ.

ಅದಕ್ಕೆ ಅವರು ಕೊಟ್ಟ ಉತ್ತರ ನೋಡಿ. ಅದೇ ವರ್ಷ ನವೆಂಬರ್‌ನಲ್ಲಿ, ಆಸ್ಟ್ರೇಲಿಯಾ ವಿರುದ್ಧ ಬಾಂಬೆಯ ವಾಂಖೆಡೆಯಲ್ಲಿ ನೈಟ್‌ವಾಚ್‌ಮನ್ ಆಗಿ ಬಂದರು. ದಿನದ ಕೊನೆಗೆ ಮುಖ್ಯ ಬ್ಯಾಟರ್ ಔಟಾಗದಿರಲಿ ಅಂತ ಕಳಿಸುವವರು ಅಲ್ವಾ ಅವರು, ಅವರಿಂದ ಯಾರೂ ರನ್ ನಿರೀಕ್ಷೆ ಮಾಡುವುದಿಲ್ಲ. ಕಿರ್ಮಾನಿ 101 ಹೊಡೆದು ಔಟಾಗದೆ ಉಳಿದರು. ಕರ್ಸನ್ ಘಾವ್ರಿ 86. ಭಾರತ ಇನಿಂಗ್ಸ್ ಮತ್ತು 100 ರನ್‌ಗಳಿಂದ ಗೆದ್ದಿತು. ಟೆಸ್ಟ್ ಇತಿಹಾಸದಲ್ಲಿ ಅಲ್ಲಿಯವರೆಗೆ ಇಬ್ಬರೇ ನೈಟ್‌ವಾಚ್‌ಮನ್‌ಗಳು ಶತಕ ಹೊಡೆದಿದ್ದರು, ಪಾಕಿಸ್ತಾನದ ನಸೀಮುಲ್ ಘನಿ ಮತ್ತು ಆಸ್ಟ್ರೇಲಿಯಾದ ಟೋನಿ ಮಾನ್. ಈ ಟೋನಿ ಮಾನ್ ಶತಕ ಹೊಡೆದದ್ದು 1977ರಲ್ಲಿ ಪರ್ತ್‌ನಲ್ಲಿ, ಭಾರತದ ವಿರುದ್ಧವೇ. ಅವತ್ತು ವಿಕೆಟ್ ಹಿಂದೆ ಕೂತು ಆ ಇನಿಂಗ್ಸನ್ನು ಪೂರ್ತಿ ನೋಡಿದವರು ಕಿರ್ಮಾನಿ. ಎರಡು ವರ್ಷದಲ್ಲಿ ಆ ಪಟ್ಟಿಯ ಮೂರನೇ ಹೆಸರು ಅವರದೇ ಆಯಿತು. ಅದೇ ಋತುವಿನಲ್ಲಿ ಪಾಕಿಸ್ತಾನದ ವಿರುದ್ಧ ಆರು ಟೆಸ್ಟ್‌ಗಳಲ್ಲಿ 17 ಕ್ಯಾಚ್, 2 ಸ್ಟಂಪಿಂಗ್ ಮಾಡಿ ನರೇನ್ ತಮ್ಹಾಣೆಯವರ ಭಾರತೀಯ ದಾಖಲೆ ಸರಿಗಟ್ಟಿದರು.

ಇನ್ನೊಂದು ಅಂಕಿ ಹೇಳುತ್ತೇನೆ. ನನ್ನ ಪ್ರಕಾರ ಕಿರ್ಮಾನಿ ಬಗ್ಗೆ ಒಂದೇ ಒಂದು ಅಂಕಿ ನೆನಪಿಟ್ಟುಕೊಳ್ಳಿ ಅಂದರೆ ಇದೇ. 1981-82ರಲ್ಲಿ ಇಂಗ್ಲೆಂಡ್ ತಂಡ ಭಾರತಕ್ಕೆ ಬಂದಾಗ, ಸತತ ಮೂರು ಟೆಸ್ಟ್‌ಗಳಲ್ಲಿ ಆ ತಂಡ ಒಟ್ಟು 1964 ರನ್ ಮಾಡಿತು. ಅದರಲ್ಲಿ ಬೈ ರನ್ ಎಷ್ಟು? ಸೊನ್ನೆ. ಒಂದೂ ಇಲ್ಲ. ನಮ್ಮ ಪಿಚ್‌ಗಳಲ್ಲಿ ಮೂರನೇ ದಿನದ ಮೇಲೆ ಬೌಲರ್‌ಗಳ ಕಾಲಿನ ಗುರುತು ಎದ್ದು, ಒಂದು ಚೆಂಡು ಮೊಣಕಾಲಿಗೂ ಬರುವುದಿಲ್ಲ, ಮುಂದಿನದು ಎದೆಗೆ ಬರುತ್ತದೆ. ಅಲ್ಲಿ ಕೂತು, ದಿಲೀಪ್ ದೋಶಿ, ರವಿ ಶಾಸ್ತ್ರಿಯವರ ಸ್ಪಿನ್‌ಗೆ ವಿಕೆಟ್‌ಗೆ ಅಂಟಿ ನಿಂತು, ಕಪಿಲ್‌ಗೆ ಹಿಂದೆ ಹೋಗಿ, ಮೂರು ಟೆಸ್ಟ್ ಒಂದೂ ಬೈ ಬಿಡದೆ ಇರುವುದು ಸುಮ್ನೆ ಅಲ್ಲ. ಕೀಪರ್ ತಪ್ಪು ಮಾಡದಿದ್ದರೆ ಸ್ಕೋರ್ ಕಾರ್ಡಿನಲ್ಲಿ ಏನೂ ಬರೆಯುವುದಿಲ್ಲ. ನೀವು ನೋಡಿದ 88, 198, 27ರಲ್ಲಿ ಇದು ಎಲ್ಲೂ ಕಾಣುವುದಿಲ್ಲ. ಪದ್ಮಶ್ರೀ ಬಂದದ್ದು 1982ರಲ್ಲಿ.

ಈಗ ಬ್ಯಾಟಿಂಗ್ ಸರಾಸರಿ 27ರ ವಿಷಯ. ಇದನ್ನು ಧೋನಿಯ 38ರ ಪಕ್ಕ ಇಟ್ಟರೆ ಚಿಕ್ಕದೇ, ನಾನು ಒಪ್ಪುತ್ತೇನೆ. 2759 ರನ್, ಎರಡು ಶತಕ, 12 ಅರ್ಧಶತಕ. ಆದರೆ ಅವರು ಬಂದಾಗ ಆ ಕಡೆ ತುದಿಯಲ್ಲಿ ಯಾರಿರುತ್ತಿದ್ದರು ನೋಡಿ. ಚಂದ್ರಶೇಖರ್ ಟೆಸ್ಟ್‌ಗಳಲ್ಲಿ ತೆಗೆದದ್ದು 242 ವಿಕೆಟ್, ಹೊಡೆದದ್ದು 167 ರನ್! ಬೇಡಿ, ಪ್ರಸನ್ನ ಕೂಡ ಬಾಲಂಗೋಚಿಗಳೇ, ಅಂದರೆ ಕೊನೆಯಲ್ಲಿ ಬರುವ, ಬ್ಯಾಟಿಂಗ್ ಅಷ್ಟಾಗಿ ಬಾರದವರು. ಅಂಥ ಬಾಲದ ಮೇಲೆ ಕೂತು ಬ್ಯಾಟ್ ಮಾಡಿದವರು ಇವರು. ನನಗೆ ಯಾವಾಗಲೂ ಅನ್ನಿಸುವುದು ಏನೆಂದರೆ, ಕಿರ್ಮಾನಿ ಬ್ಯಾಟಿಂಗ್ ಕೂಡ ಕೀಪಿಂಗ್ ಥರವೇ. ಬೇರೆಯವರು ದೊಡ್ಡದು ಮಾಡಲಿ ಅಂತ ತಾವು ಒಂದು ತುದಿ ಕಾಯುವ ಕೆಲಸ.

1983ರ ಜೂನ್ 18, ಟನ್‌ಬ್ರಿಜ್ ವೆಲ್ಸ್, ಜಿಂಬಾಬ್ವೆ ವಿರುದ್ಧ ವಿಶ್ವಕಪ್ ಪಂದ್ಯ. ಭಾರತ 17ಕ್ಕೆ 5. ಕಪಿಲ್ ದೇವ್ 175 ಹೊಡೆದ ಕಥೆ ಎಲ್ಲರಿಗೂ ಗೊತ್ತು. ಆದರೆ ಸ್ಕೋರ್ 140 ಆಗುವಾಗ ಎಂಟನೇ ವಿಕೆಟ್ ಬಿದ್ದಿತ್ತು ಅನ್ನುವುದನ್ನು ಮರೆಯುತ್ತೇವೆ. ಆಗ ಬಂದವರು ಕಿರ್ಮಾನಿ. ಇನ್ನೊಂದು ವಿಕೆಟ್ ಬಿದ್ದರೆ ಕೊನೆಗೆ ಬಲ್ವಿಂದರ್ ಸಂಧು ಒಬ್ಬರೇ ಬಾಕಿ. ಅಲ್ಲಿಂದ 60 ಓವರ್ ಮುಗಿಯುವವರೆಗೆ ಮುರಿಯದ 126 ರನ್‌ಗಳ ಜೊತೆಯಾಟ. ಅದರಲ್ಲಿ ಕಿರ್ಮಾನಿ ಪಾಲು 24, ಔಟಾಗದೆ. ಒಂಬತ್ತನೇ ವಿಕೆಟ್‌ಗೆ ಅದು 2010ರವರೆಗೆ ಏಕದಿನ ಕ್ರಿಕೆಟ್‌ನ ವಿಶ್ವದಾಖಲೆಯಾಗಿ ಉಳಿಯಿತು. ಭಾರತ ಗೆದ್ದದ್ದು 31 ರನ್‌ಗಳಿಂದ. ಆ 24 ಇಲ್ಲದಿದ್ದರೆ 175 ಎಲ್ಲಿಂದ ಬರುತ್ತಿತ್ತು?

ಒಂದು ವಾರದ ನಂತರ ಲಾರ್ಡ್ಸ್‌ನಲ್ಲಿ ಫೈನಲ್. ಭಾರತ 161ಕ್ಕೆ 9. ಮಾಲ್ಕಮ್ ಮಾರ್ಷಲ್ ಬೌನ್ಸರ್ ಸಂಧು ಹೆಲ್ಮೆಟ್‌ಗೆ ಬಡಿಯಿತು. ಕಿರ್ಮಾನಿ, ಸಂಧು ಸೇರಿ ಕೊನೆಯ ವಿಕೆಟ್‌ಗೆ 22 ಸೇರಿಸಿದರು. ಒಟ್ಟು 183. ಗೆದ್ದ ಅಂತರ 43. ಲೆಕ್ಕ ನೀವೇ ಹಾಕಿ. ಆಮೇಲೆ ವೆಸ್ಟ್ ಇಂಡೀಸ್ 76 ಆದಾಗ ಸಂಧು ಬೌಲಿಂಗಲ್ಲಿ ಫೌದ್ ಬ್ಯಾಕಸ್ ಎಡ್ಜ್ ಮಾಡಿದ್ದು, ಮೊದಲ ಸ್ಲಿಪ್ ಮುಂದೆ ನೆಲಕ್ಕೆ ಇಳಿಯುತ್ತಿದ್ದ ಚೆಂಡನ್ನು ಕಿರ್ಮಾನಿ ಬಲಕ್ಕೆ ಹಾರಿ ಹಿಡಿದದ್ದು, ಅದು ಆರನೇ ವಿಕೆಟ್. ವಿಶ್ವಕಪ್‌ನ ಶ್ರೇಷ್ಠ ಕೀಪರ್ ಪ್ರಶಸ್ತಿ ಅವರಿಗೇ ಸಿಕ್ಕಿತು, ಕೊಟ್ಟವರು ಇಂಗ್ಲೆಂಡಿನ ಹಳೆಯ ಕೀಪರ್ ಗಾಡ್‌ಫ್ರೇ ಇವಾನ್ಸ್. ಅದೇ ಟೂರ್ನಿಯಲ್ಲಿ ಲೆಸ್ಟರ್‌ನಲ್ಲಿ ಜಿಂಬಾಬ್ವೆ ವಿರುದ್ಧ ಒಂದೇ ಪಂದ್ಯದಲ್ಲಿ 5 ಕ್ಯಾಚ್ ಹಿಡಿದಿದ್ದರು.

ಅದೇ ವರ್ಷ ಡಿಸೆಂಬರ್, ಮದ್ರಾಸ್. ಮತ್ತೆ ವೆಸ್ಟ್ ಇಂಡೀಸ್. ಗಾವಸ್ಕರ್ ಅಜೇಯ 236, ಬ್ರಾಡ್ಮನ್ ಅವರ 29 ಶತಕಗಳ ದಾಖಲೆ ದಾಟಿದ 30ನೇ ಶತಕ. ಒಂಬತ್ತನೇ ವಿಕೆಟ್‌ಗೆ ಮುರಿಯದ 143 ರನ್, ಆ ತುದಿಯಲ್ಲಿ ಅಜೇಯ 63 ಹೊಡೆದು ನಿಂತವರು ಕಿರ್ಮಾನಿ. ಮರುವರ್ಷ ಬಾಂಬೆಯಲ್ಲಿ ಇಂಗ್ಲೆಂಡ್ ವಿರುದ್ಧ ಶಾಸ್ತ್ರಿ 142, ಕಿರ್ಮಾನಿ 102, ಏಳನೇ ವಿಕೆಟ್‌ಗೆ 235. ಆ ಟೆಸ್ಟ್‌ನಲ್ಲಿ ಹದಿಹರೆಯದ ಲೆಗ್ ಸ್ಪಿನ್ನರ್ ಶಿವರಾಮಕೃಷ್ಣನ್ 12 ವಿಕೆಟ್ ತೆಗೆದರು. ಚಂದ್ರ ಕಾಲದಿಂದ ಶಿವ ಕಾಲದವರೆಗೆ ವಿಕೆಟ್ ಹಿಂದೆ ಅದೇ ಬೋಳು ತಲೆ. ಬೌಲಿಂಗ್‌ನಲ್ಲೂ ಒಂದು ಟೆಸ್ಟ್ ವಿಕೆಟ್ ಇದೆ ಅವರ ಹೆಸರಿನಲ್ಲಿ. 1983ರಲ್ಲಿ ನಾಗಪುರದಲ್ಲಿ ಪಾಕಿಸ್ತಾನದ ಅಜೀಮ್ ಹಫೀಜ್ ಬೌಲ್ಡ್.

198ಕ್ಕೇ ಯಾಕೆ ನಿಂತಿತು, 200 ಯಾಕಾಗಲಿಲ್ಲ ಅಂತಲೂ ನಿಮಗೆ ಅನ್ನಿಸಿರಬಹುದು. 1985ರ ಆರಂಭದಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ಗೆ ಅವರ ಬದಲು ಹೋದದ್ದು ಬೆಂಗಳೂರಿನವರೇ ಆದ ಸದಾನಂದ ವಿಶ್ವನಾಥ್. ಆ ಹುಡುಗ ಅಲ್ಲಿ ಅದ್ಭುತವಾಗಿ ಆಡಿದ, ಭಾರತ ಕಪ್ ಗೆದ್ದಿತು. ಆದರೂ ಕಿರ್ಮಾನಿ 1985-86ರ ಆಸ್ಟ್ರೇಲಿಯಾ ಪ್ರವಾಸಕ್ಕೆ ಟೆಸ್ಟ್ ತಂಡಕ್ಕೆ ವಾಪಸ್ ಬಂದರು. 1986ರ ಜನವರಿಯ ಸಿಡ್ನಿ ಟೆಸ್ಟ್ ಅವರ 88ನೆಯದು. ಅದಾದ ಮೇಲೆ ಅಲ್ಲಿನ ಏಕದಿನ ಸರಣಿಯಲ್ಲಿ ಪಾದದ ಗಂಟಿಗೆ ಪೆಟ್ಟು ಬಿತ್ತು. ಅಷ್ಟರಲ್ಲಿ ಕಿರಣ್ ಮೋರೆ, ಚಂದ್ರಕಾಂತ್ ಪಂಡಿತ್ ಬಂದಾಗಿತ್ತು. ಮತ್ತೆ ಕರೆ ಬರಲಿಲ್ಲ.

ಹಾಗಾದರೆ ಧೋನಿಗಿಂತ ಮೇಲಾ? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಏಕದಿನ, ಟಿ20 ಆದರೆ ಚರ್ಚೆಯೇ ಬೇಡ, ಧೋನಿ. ಕಿರ್ಮಾನಿ 49 ಏಕದಿನಗಳಲ್ಲಿ 373 ರನ್ ಹೊಡೆದವರು, ಇವತ್ತಿನ ಏಕದಿನ ತಂಡದಲ್ಲಿ ಅವರಿಗೆ ಜಾಗ ಸಿಗುವುದಿಲ್ಲ. ಬ್ಯಾಟಿಂಗ್ ಸೇರಿಸಿದರೆ ಟೆಸ್ಟ್‌ನಲ್ಲೂ ಧೋನಿಯೇ ಮುಂದೆ. ಧೋನಿ ಸ್ಟಂಪಿಂಗ್ ವೇಗಕ್ಕೆ ಸಾಟಿಯಿಲ್ಲ, ಕೈ ಹಿಂದಕ್ಕೆ ತರದೆ ಚೆಂಡು ಬಂದಲ್ಲಿಂದಲೇ ಬೇಲ್ಸ್ ಎತ್ತುವ ಅವರ ರೀತಿ ಅವರದೇ. ಆದರೆ ಚೆಂಡು ತಿರುಗುವ ಪಿಚ್‌ನಲ್ಲಿ, ಐದನೇ ದಿನ, ಎರಡೂ ಕಡೆಯಿಂದ ಸ್ಪಿನ್ನರ್, ಬರೀ ಗ್ಲೌಸ್ ಕೆಲಸಕ್ಕೆ ಒಬ್ಬರನ್ನು ಆರಿಸು ಅಂದರೆ ನಾನು ಯೋಚನೆ ಮಾಡದೆ ಕಿರ್ಮಾನಿ ಅನ್ನುತ್ತೇನೆ. ನಿಮ್ಮ ತಂದೆ ಹೇಳುತ್ತಿರುವುದು ಇದನ್ನೇ ಇರಬೇಕು.

ಇನ್ನು ಮಗಳ ವಿಷಯ. ಹೆಣ್ಣುಮಕ್ಕಳಿಗೆ ಇಲ್ಲಿ ದಾರಿ ಇದೆ, ಬೆಂಗಳೂರಿನ ಕರುಣಾ ಜೈನ್ ಭಾರತಕ್ಕೆ ಕೀಪಿಂಗ್ ಮಾಡಿದವರು. ಟನ್‌ಬ್ರಿಜ್ ವೆಲ್ಸ್ ಪಂದ್ಯದ ವಿಡಿಯೊ ಇಲ್ಲ, 1983ರ ಫೈನಲ್‌ನದು ಇದೆ. ಅದನ್ನು ಅವಳ ಜೊತೆ ಕೂತು ನೋಡಿ, ಆದರೆ ಚೆಂಡು ನೋಡಬೇಡಿ, ಪ್ರತಿ ಎಸೆತಕ್ಕೂ ಕೀಪರ್‌ನ ಸೊಂಟ ನೋಡಿ. ಚೆಂಡು ನೆಲಕ್ಕೆ ಬೀಳುವವರೆಗೆ ಏಳಬಾರದು, ಚೆಂಡು ಎಷ್ಟು ಎದ್ದಿತೋ ಅಷ್ಟೇ, ಅದರ ಜೊತೆಗೇ ಏಳಬೇಕು. ಮಕ್ಕಳು ಹೆದರಿ ಬೇಗ ಎದ್ದುಬಿಡುತ್ತಾರೆ, ಆಗ ಕೆಳಗೆ ಉಳಿದ ಚೆಂಡು ಗ್ಲೌಸ್ ಕೆಳಗೆ ತೂರಿಕೊಂಡು ಹೋಗುತ್ತದೆ. ಬ್ಯಾಕಸ್ ಕ್ಯಾಚನ್ನು ನಿಧಾನ ಮಾಡಿ ನೋಡಿ. ಹಾರುವ ಮುಂಚೆ ಕಾಲು ಎಷ್ಟು ಸರಿದಿದೆ, ತಲೆ ಎಲ್ಲಿದೆ ಅಂತ ಅವಳನ್ನೇ ಕೇಳಿ. ಮನೆಯಲ್ಲಿ ಗ್ಲೌಸ್ ಇಲ್ಲದೆ ಗೋಡೆಗೆ ಟೆನಿಸ್ ಬಾಲ್ ಹೊಡೆದು ಬರಿಗೈಲಿ ಹಿಡಿಯುವ ಅಭ್ಯಾಸ ದಿನಾ ಮಾಡಿಸಿ, ಬೆರಳು ಕೆಳಮುಖ, ಕೈ ಸ್ವಲ್ಪ ಹಿಂದಕ್ಕೆ ಬಿಟ್ಟುಕೊಡಬೇಕು. ಮತ್ತೆ ಒಂದು ಮಾತು. ಕ್ಯಾಂಪ್‌ನಲ್ಲಿ ಸ್ಪಿನ್ ಹಾಕುವ ಮಕ್ಕಳು ಇದ್ದೇ ಇರುತ್ತಾರೆ, ಅವರ ನೆಟ್‌ನಲ್ಲಿ ವಿಕೆಟ್ ಹಿಂದೆ ನಿಲ್ಲಲು ಬಿಡಿ ಅಂತ ಕೋಚ್ ಅವರನ್ನು ಕೇಳಿ. ಬಹಳ ಕಡೆ ಕೀಪರ್ ಮಕ್ಕಳಿಗೆ ಬ್ಯಾಟಿಂಗ್ ನೆಟ್ ಸಿಗುತ್ತದೆ, ಇದು ಮಾತ್ರ ಕೇಳದಿದ್ದರೆ ಸಿಗುವುದಿಲ್ಲ.